ತಾಟು ಬ್ಯಾರೆ ಇಟ್ವಿ, ಕಿಡಕಿ ಮುಚ್ಚಿದ್ವಿ

ಮೊನ್ನೆ ಮಧ್ಯಾಹ್ನ ನಮ್ಮ ಬಾಜೂಮನಿ ವೈನಿ ಬಂದಿದ್ರು. ಅವರ ಸಣ್ಣ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕದ, ಬರೋ ವಾರ ಹಾಸ್ಟೆಲಿಗೆ ಬಿಟ್ಟು ಬರಬೇಕು. ಕೈಯಾಗ ಒಂದು ಯಾದಿ ಹಿಡಕೊಂಡು ಬಂದಿದ್ರು. ನಮ್ಮ ಕಡೆ ಹುಡುಗಿ ಹಾಸ್ಟೆಲಿಗೆ ಹೊಂಟ್ಳಂದ್ರ ಆ ಯಾದಿ ಕಿರಾಣಿ ಯಾದಿಕಿಂತ ಉದ್ದ ಇರ್ತದ. ಟ್ರಂಕು, ಎರಡು ಚಾದರ, ಬಕೀಟು, ಶೇಂಗಾ ಚಟ್ನಿ, ಗುರೆಳ್ಳ ಹಿಂಡಿ, ಕೊಬ್ಬರಿ ಎಣ್ಣಿ, ದೇವರ ಸಣ್ಣ ಫೋಟೊ. "ಏನರ ಬಿಟ್ಟೇನೇನು ನೋಡ್ರಿ" ಅಂದ್ರು.

ನಾ ಓದಿ ನೋಡಿ, "ಎನ್-95 ಮಾಸ್ಕ್ ಬರೀರಿ" ಅಂದೆ.

ವೈನಿ ನಕ್ಕರು. "ಕೊರೊನಾ ಹೋಗಿ ಎಷ್ಟು ವರ್ಷ ಆತು, ಇನ್ನೂ ಮಾಸ್ಕ್ ಅಂತೀರಲ್ಲ?" ಅಂದ್ರು.

ನಾ ನಗಲಿಲ್ಲ. ಯಾಕ ನಗಲಿಲ್ಲ ಅನ್ನೋದನ್ನ ಹೇಳಲಿಕ್ಕೇ ಇವತ್ತು ಬರೀಲಿಕ್ಕತ್ತೇನಿ. ಓದಿ ನಿಮ್ಮೊಳಗ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ನನಗ ಮೊದಲ ನನ್ನ ಮ್ಯಾಲೇ ಸಿಟ್ಟು ಬಂದದ.

ನಮ್ಮ ಸಣ್ಣ ನೆಗೆಣ್ಣಿ ನರ್ಸ್ ಅಂತ ನಿಮಗೆಲ್ಲಾ ಗೊತ್ತದ. ಹೋದ ವರ್ಷ ಆಕಿ ನಾಲ್ಕು ತಿಂಗಳು ಯಾವ ಮದುವಿಗೂ ಬರಲಿಲ್ಲ, ಯಾವ ಅರಿಷಿಣ ಕುಂಕುಮಕ್ಕೂ ಬರಲಿಲ್ಲ. ಕೇಳಿದವರಿಗೆ ನಾವು "ನಿಮೋನಿಯಾ ಆಗಿತ್ತು, ಅಶಕ್ತತನ ಅದ" ಅಂತ ಹೇಳಿದ್ವಿ. ಅದು ಸುಳ್ಳು. ಆಕಿಗೆ ಆಗಿದ್ದು ಟಿಬಿ. ಇದನ್ನ ಬರೀಲೇನು ಅಂತ ಆಕಿನ್ನ ಕೇಳೇ ಬರದೇನಿ. "ಬರೀರಿ ಅಕ್ಕಾ, ಮುಚ್ಚಿಟ್ಟದ್ದು ಸಾಕಾತು" ಅಂದ್ಳು.

ಆಕಿ ಕೆಲಸಾ ಮಾಡೋದು ಜನರಲ್ ವಾರ್ಡಿನಾಗ, ಟಿಬಿ ವಾರ್ಡಿನಾಗ ಅಲ್ಲ. ಅಲ್ಲಿಗೆ ಒಬ್ಬ ವಯಸ್ಸಾದ ಅಜ್ಜಾರು ಜ್ವರಾ, ಕೆಮ್ಮು ಅಂತ ಬಂದು ಸೇರಿದ್ರು. ಅವರ ಕಫ ಪರೀಕ್ಷೆಗೆ ಹೋಗೋದ್ರಾಗ ಹನ್ನೊಂದು ದಿನ ಆತು. ಆ ಹನ್ನೊಂದು ದಿನಾನೂ ಇವರು ಅವರ ಹಾಸಿಗಿ ಬದಲಿಸ್ಯಾರ, ಎಬ್ಬಿಸಿ ಕೂಡಿಸ್ಯಾರ, ಬೆನ್ನು ತಟ್ಯಾರ. ಮುಖಕ್ಕ ಆ ತೆಳ್ಳಂದು ನೀಲಿ ಮಾಸ್ಕು, ಒಂದು ಡ್ಯೂಟಿಗೆ ಒಂದು. ವಾರ್ಡಿನ ಕಿಡಕಿ ನಾಲ್ಕು. ಒಂದರ ಮುಂದ ಕಪಾಟು ಇಟ್ಟಿದ್ರು, ಎರಡು ಸೊಳ್ಳಿ ಬರ್ತಾವಂತ ಕಾಯಂ ಬಂದ್, ಉಳಿದದ್ದನ್ನ ರೋಗಿ ಕಡೆಯವರು ಥಂಡಿಗಾಳಿ ಅಂತ ಮುಚ್ಚತಿದ್ರು. ಅಂಥಾ ರೋಗಿಗಳು ಆಕಿ ಒಂಬತ್ತು ವರ್ಷದ ನೌಕರಿಯೊಳಗ ಎಷ್ಟು ಮಂದಿ ಬಂದು ಹೋಗ್ಯಾರೋ, ಲೆಕ್ಕ ಇಟ್ಟವರಾರು? ಈ ಅಜ್ಜಾರಿಂದನ ಬಂತು ಅಂತ ನಾ ಹೇಳಂಗಿಲ್ಲ. ಆ ಕೋಣಿಯೊಳಗಿನ ಗಾಳಿಯಿಂದ ಬಂತು ಅಂತ ಹೇಳ್ತೇನಿ.

ಆಕಿಗೆ ರೋಗ ಪಕ್ಕಾ ಆದ ದಿನ ಆಸ್ಪತ್ರಿಯವರು ಕೇಳಿದ ಮೊದಲನೇ ಪ್ರಶ್ನೆ, "ನಿಮ್ಮ ಮನ್ಯಾಗ ಯಾರಿಗರ ಅದ ಏನು?" ಮನಿಗೆ ಬಂದ್ಲು. ನಮ್ಮ ಅತ್ತಿಯವರು ಅಂದ ಮೊದಲನೇ ಮಾತು, "ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ, ರಾತ್ರಿ ನಿದ್ದಿ ಇಲ್ಲ, ಮೈ ಹಗರ, ಅದಕ್ಕ ಬಂತು." ಆಸ್ಪತ್ರಿಯವರು ಮನಿ ಮ್ಯಾಲೆ ಹಾಕಿದ್ರು, ಮನಿಯವರು ಆಕಿ ಮೈ ಮ್ಯಾಲೆ ಹಾಕಿದ್ವಿ. ಆಸ್ಪತ್ರಿ ಕಿಡಕಿ ಮಾತು ಮಾತ್ರ ಯಾರೂ ತಗೀಲಿಲ್ಲ.

ಇನ್ನ ನಾ ಮಾಡಿದ್ದು ಕೇಳ್ರಿ. ಪ್ಯಾಟಿಗೆ ಹೋಗಿ ಒಂದು ಹೊಸಾ ತಾಟು, ಒಂದು ವಾಟಗಾ, ಒಂದು ಚಮಚಾ ತಂದೆ. ಕಲಿಬಾರದಂತ ತಾಟಿನ ಹಿಂದ ಕೆಂಪು ನೇಲ್ ಪಾಲಿಶಿನಿಂದ ಗುರುತು ಹಾಕ್ದೆ. ಆಕಿನ್ನ ಹಿಂದಿನ ಖೋಲಿಯೊಳಗ ಮಲಗಿಸಿದ್ವಿ. ಆ ಖೋಲಿ ಕಿಡಕಿ ಓಣಿ ಕಡೆ ತಗೀತದ. ಆಕಿ ಕೆಮ್ಮೋದು ನಿಮಗ ಕೇಳಿಸಬಾರದಂತ ಆ ಕಿಡಕಿ ಮುಚ್ಚಿದ್ದು ನಾನ. ಬಾಜೂ ಖೋಲಿಯೊಳಗ ಆಕಿ ಎರಡು ಮಕ್ಕಳು ಮಲಗತಿದ್ವು.

ಎಂಟು ದಿನಕ್ಕ ಆಶಾ ಕಾರ್ಯಕರ್ತೆ ಬಂದ್ಲು. ಖೋಲಿಯೊಳಗ ಕಾಲಿಟ್ಟಾಕಿನ ಮೊದಲ ಕಿಡಕಿ ತಗದ್ಲು. ಆಮ್ಯಾಲೆ ಆ ತಾಟು ನೋಡಿ ನನಗ ಅಂದ್ಲು: "ಅಕ್ಕಾರ, ಎಲ್ಲಾರ ತಾಟಿನ ಜೋಡಿನ ತೊಳೀರಿ, ಏನೂ ಆಗಂಗಿಲ್ಲ. ಕಿಡಕಿ ಮುಚ್ಚಿದ್ರ ಆಗ್ತದ." ನಾ ಬಿಎ ಓದೇನಿ, ಆಕಿ ಹತ್ತನೇತ್ತಾ. ಆ ದಿನ ನೆಲದಾಗ ಇಳದು ಹೋಗೂ ಹಂಗ ಆತು.

ಈ ರೋಗ ಹೆಂಗ ಬರ್ತದ ಅನ್ನೋದನ್ನ ನಮ್ಮ ಅಡಗಿಮನಿ ಲೆಕ್ಕದಾಗ ಹೇಳ್ತೇನಿ. ಒಣಾ ಮೆಣಸಿನಕಾಯಿ ಒಗ್ಗರಣಿಗೆ ಹಾಕಿದಾಗ ಘಾಟು ಏರ್ತದಲ್ಲ, ಪಡಸಾಲಿಯೊಳಗ ಪೇಪರ್ ಓದಕೋತ ಕೂತವರೂ ಕೆಮ್ಮತಾರ. ಅವರೇನು ಬಾಣಲಿ ಮುಟ್ಟಿರ್ತಾರೇನು? ಇಲ್ಲ. ಗಾಳಿ ಒಯ್ದಿರ್ತದ. ಫುಪ್ಪುಸದ ಟಿಬಿ ಇದ್ದವರು ಕೆಮ್ಮಿದಾಗ ಹಾರೋ ದೊಡ್ಡ ಹನಿ ಕೆಳಗ ಬೀಳ್ತಾವ. ಸಣ್ಣ ಸಣ್ಣ ಹನಿ ಮಾತ್ರ ಆರಿ, ಕಣ್ಣಿಗೆ ಕಾಣದ ಕಣಾ ಆಗಿ, ಮುಚ್ಚಿದ ಕೋಣಿಯೊಳಗ ತಾಸಗಟ್ಟಲೆ ತೇಲತಾವ. ಉಸಿರಿನ ಜೋಡಿ ಫುಪ್ಪುಸದ ತಳಾ ಮುಟ್ಟತಾವ. ತಾಟಿನಿಂದ ಬರಂಗಿಲ್ಲ, ವಾಟಗಾದಿಂದ ಬರಂಗಿಲ್ಲ, ಕೈ ಮುಟ್ಟಿದ್ರ ಬರಂಗಿಲ್ಲ. ಘಾಟು ಏರಿದಾಗ ನಾವು ತಾಟು ಬ್ಯಾರೆ ಮಾಡತೇವೇನು? ಕಿಡಕಿ ತಗೀತೇವಿ.

ಇದೇನು ಇವತ್ತು ಗೊತ್ತಾದ ಮಾತಲ್ಲ. ರಾಬರ್ಟ್ ಕಾಕ್ ಅನ್ನೋ ಜರ್ಮನಿ ಡಾಕ್ಟರು ಈ ರೋಗದ ಕ್ರಿಮಿ ಕಂಡುಹಿಡದೇನಿ ಅಂತ ಸಾರಿದ್ದು 1882ರ ಮಾರ್ಚ್ 24ಕ್ಕ. ಅದಕ್ಕೇ ಆ ದಿನಾ ಟಿಬಿ ದಿನಾಚರಣಿ ಮಾಡ್ತಾರ. 1950ರ ದಶಕದಾಗ ಅಮೆರಿಕಾದ ಬಾಲ್ಟಿಮೋರ್ ಊರಾಗ ರಿಚರ್ಡ್ ರೈಲಿ ಅನ್ನೋ ವಿಜ್ಞಾನಿ ಮತ್ತ ಅವರ ಜೋಡಿಯವರು ಒಂದು ಪ್ರಯೋಗ ಮಾಡಿದ್ರು. ಟಿಬಿ ವಾರ್ಡಿನ ಗಾಳಿನ್ನ ಕೊಳವಿಯೊಳಗ ಮ್ಯಾಲಿನ ಕೋಣಿಗೆ ಒಯ್ದು, ಅಲ್ಲೆ ಗಿನಿಪಿಗ್ ಅನ್ನೋ ಸಣ್ಣ ಪ್ರಾಣಿ ಸಾಕಿದ್ರು. ಆ ಪ್ರಾಣಿ ರೋಗಿನ್ನ ನೋಡಿಲ್ಲ, ಅವರ ತಾಟಿನಾಗ ಉಂಡಿಲ್ಲ, ಹಾಸಿಗಿ ಮುಟ್ಟಿಲ್ಲ. ಬರೇ ಆ ಗಾಳಿ ಉಸಿರಾಡಿದ್ವು, ಟಿಬಿ ಹಚ್ಚಿಕೊಂಡ್ವು. ಎಪ್ಪತ್ತು ವರ್ಷ ಆಗಲಿಕ್ಕೆ ಬಂತು. ನಾವಿನ್ನೂ ಅಂಗಡಿಗೆ ಹೋಗಿ ತಾಟು ತರತೇವಿ.

ಈಗ ದವಾಖಾನಿ ಮಂದಿ ಲೆಕ್ಕ ನೋಡ್ರಿ. ಜಗತ್ತಿನ ಟಿಬಿ ರೋಗಿಗಳೊಳಗ ಸುಮಾರು ಕಾಲು ಭಾಗ ನಮ್ಮ ದೇಶದವರು. ಅವರೆಲ್ಲಾ ಕಡೀಕ ಬರೋದು ಎಲ್ಲಿಗೆ? ಆಸ್ಪತ್ರಿಗೆ. ಮಹಾರಾಷ್ಟ್ರದ ಸೇವಾಗ್ರಾಮದ ಮೆಡಿಕಲ್ ಕಾಲೇಜು ಆಸ್ಪತ್ರಿಯೊಳಗ 726 ಮಂದಿ ಕೆಲಸಗಾರರನ್ನ ಪರೀಕ್ಷಾ ಮಾಡಿ 2005ರಾಗ ಪ್ರಕಟ ಮಾಡಿದ್ರು. ಎರಡು ನಮೂನಿ ಪರೀಕ್ಷೆಯೊಳಗ ಒಂದರಾಗರ ಟಿಬಿ ಸೋಂಕು ಕಂಡದ್ದು ಹೆಚ್ಚುಕಡಿಮಿ ಅರ್ಧ ಮಂದಿಯೊಳಗ. ವಯಸ್ಸು ಏರಿದಂಗ, ಮತ್ತ ಆಸ್ಪತ್ರಿ ಕೆಲಸದ ವರ್ಷ ಏರಿದಂಗ, ಸೋಂಕೂ ಏರಿತ್ತು.

ಇಲ್ಲೆ ಒಂದು ಮಾತು ಸ್ಪಷ್ಟ ಮಾಡ್ತೇನಿ, ಇಲ್ಲಂದ್ರ ನೀವು ಹೆದರತೀರಿ. ಸೋಂಕು ಬ್ಯಾರೆ, ರೋಗ ಬ್ಯಾರೆ. ಸೋಂಕು ಅಂದ್ರ ಕ್ರಿಮಿ ಮೈಯೊಳಗ ಮಲಗಿರ್ತದ, ಅವರು ಯಾರಿಗೂ ಹರಡಂಗಿಲ್ಲ. ಹಂಗ ಸೋಂಕು ಇದ್ದವರೊಳಗ ನೂರಕ್ಕ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಾಗ ಯಾವಾಗರ ಅದು ಎದ್ದು ರೋಗ ಆಗ್ತದ. ಸಕ್ರಿ ರೋಗ, ಎಚ್‌ಐವಿ, ಊಟದ ಕೊರತಿ ಇದ್ರ ಏಳೋ ಸಂಭವ ಹೆಚ್ಚು.

"ಹಂಗಾರ ಅತ್ತಿಯವರು ಹೇಳಿದ್ದು ಖರೇನ ಆತಲ್ಲ, ಊಟ ಸರಿ ಮಾಡಿದ್ರ ಬರತಿದ್ದಿಲ್ಲ" ಅಂತ ಯಾರರ ಅನ್ನತೀರಿ. ಅರ್ಧಾ ಖರೆ. ಉಪವಾಸ, ನಿದ್ದಿಗೇಡು ಮಲಗಿದ ಕ್ರಿಮಿನ್ನ ಎಬ್ಬಿಸಬಹುದು. ಆದ್ರ ಕ್ರಿಮಿ ಒಳಗ ಬಂದದ್ದು ಊಟ ಬಿಟ್ಟಿದ್ದಕ್ಕಲ್ಲ, ಗಾಳಿ ಕೆಟ್ಟಿದ್ದಕ್ಕ. ಮತ್ತ ಆಕಿ ಊಟ ಬಿಟ್ಟಿದ್ದಾದ್ರೂ ಯಾಕ? ಇಬ್ಬರು ಮಾಡೋ ವಾರ್ಡು ಒಬ್ಬಾಕಿ ಕೈಯಾಗ ಕೊಟ್ರ ಡಬ್ಬಿ ತಗಿಯೋದು ಯಾವಾಗ?

"ಈ ದೇಶದಾಗ ಯಾರಿಗೆ ಸೋಂಕಿಲ್ಲ, ಬಸ್ಸಿನಾಗೂ ಬರ್ತದ, ಆಸ್ಪತ್ರಿನ್ನೇ ಯಾಕ ಅನಬೇಕು?" ಇದೂ ಒಂದು ವಾದ. ಇದಕ್ಕ ಉತ್ತರ ನರ್ಸಿಂಗ್ ಓದೋ ಹುಡುಗ್ಯಾರ ಕಡೆ ಅದ. ದಕ್ಷಿಣ ಭಾರತದಾಗ ನರ್ಸಿಂಗ್ ವಿದ್ಯಾರ್ಥಿಗಳನ್ನ ಪರೀಕ್ಷಾ ಮಾಡಿದಾಗ, ವರ್ಷಕ್ಕ ಹೊಸದಾಗಿ ಸೋಂಕು ಹತ್ತೋ ಪ್ರಮಾಣ ಉಳಿದ ಜನರಕಿಂತ ಹಲವು ಪಟ್ಟು ಹೆಚ್ಚು ಕಂಡದ. ಅವರೂ ನಮ್ಮಂಗ ಬಸ್ಸಿನಾಗ ಅಡ್ಡಾಡಿದವರ, ನಮ್ಮಂಗ ಸಂತಿಗೆ ಹೋದವರ. ವ್ಯತ್ಯಾಸ ಏನಂದ್ರ ಅವರು ವಾರ್ಡಿಗೆ ಹೋದ್ರು. ಹದಿನೆಂಟು ಇಪ್ಪತ್ತು ವರ್ಷದ ಹುಡುಗ್ಯಾರು, ಮೈ ಗಟ್ಟಿ ಇದ್ದವರು. ಇವರಿಗೂ "ಮೈ ಹಗರ" ಅಂತೀರೇನು?

"ಸಣ್ಣವರಿದ್ದಾಗ ಬಿಸಿಜಿ ಹಾಕಿಸೇವಲ್ಲ" ಅಂತ ಬಾಜೂಮನಿ ವೈನಿನೂ ಅಂದ್ರು. ಬಿಸಿಜಿ ಸಣ್ಣ ಕೂಸುಗಳನ್ನ ಮಿದುಳಿಗೆ ಏರೋ ಟಿಬಿಯಂಥಾ ಘೋರ ನಮೂನಿಯಿಂದ ಕಾಯ್ತದ, ಅದಕ್ಕ ಹಾಕಿಸಲೇಬೇಕು. ದೊಡ್ಡವರ ಫುಪ್ಪುಸಕ್ಕ ಅದನ್ನ ನಂಬಿ ಕೂಡಲಿಕ್ಕೆ ಆಗಂಗಿಲ್ಲ. ತಮಿಳುನಾಡಿನ ಚೆಂಗಲಪಟ್ಟು ಕಡೆ 1968ರಾಗ ಸುರು ಆದ ದೊಡ್ಡ ಪರೀಕ್ಷೆಯೊಳಗ ದೊಡ್ಡವರ ಫುಪ್ಪುಸದ ಟಿಬಿ ಅದರಿಂದ ತಡೀಲಿಲ್ಲ ಅಂತ ಗೊತ್ತಾತು. ತೋಳಿನ ಮ್ಯಾಲಿನ ಕಲೆ ನೋಡಿ ವಾರ್ಡಿಗೆ ಕಳಸೋದು ಸರಿಯಲ್ಲ.

ಹಂಗಾರ ಮಾಡಬೇಕಾದದ್ದೇನು? ಕೋಟಿ ರೂಪಾಯಿ ಮಷಿನ್ ಬೇಕಾಗಿಲ್ಲ. ಕೇಂದ್ರ ಸರಕಾರ 2010ರಾಗನ ಆಸ್ಪತ್ರಿಗಳಿಗೆ ಗಾಳಿಯಿಂದ ಹರಡೋ ರೋಗ ತಡಿಯೋ ಮಾರ್ಗಸೂಚಿ ಬರದು ಇಟ್ಟದ. ಅದರಾಗ ಹೇಳಿದ್ದು ಮೂರು ಮೆಟ್ಟಲು.

ಮೊದಲನೇದು, ಕೆಮ್ಮೋರನ್ನ ಬಾಗಲದಾಗನ ಗುರತಿಸೋದು. ಅವರಿಗೊಂದು ಮಾಸ್ಕ್ ಕೊಟ್ಟು, ಬ್ಯಾರೆ ಗಾಳಿ ಆಡೋ ಜಾಗಾದಾಗ ಕೂಡಿಸಿ, ಪಾಳಿ ತಪ್ಪಿಸಿ ಮೊದಲ ನೋಡಿ, ಲಗೂನ ಕಫ ಪರೀಕ್ಷೆಗೆ ಕಳಸೋದು. ಯಾಕಂದ್ರ ಗುಳಿಗಿ ನುಂಗಲಿಕ್ಕತ್ತಿದ ಟಿಬಿ ರೋಗಿಕಿಂತ, ಟಿಬಿ ಅಂತ ಇನ್ನೂ ಗೊತ್ತಿಲ್ಲದ ಕೆಮ್ಮಿನ ರೋಗಿ ಅಪಾಯ. ಸರಿಯಾದ ಔಷಧ ಸುರು ಆದ್ರ ಸಾಮಾನ್ಯವಾಗಿ ಕೆಲವೇ ವಾರದಾಗ ಹರಡೋದು ಭಾಳ ಕಡಿಮಿ ಆಗ್ತದ. ಆ ಅಜ್ಜಾರ ಹನ್ನೊಂದು ದಿನ ನೆನಪದ ಅಲ್ಲ? ಅವರದೇನೂ ತಪ್ಪಿಲ್ಲ. ಪರೀಕ್ಷೆಗೆ ಕಳಸದವರದು ತಪ್ಪು.

ಎರಡನೇದು ಗಾಳಿ. ಪೆರು ದೇಶದ ಲಿಮಾ ಪಟ್ಟಣದ ಎಂಟು ಆಸ್ಪತ್ರಿಯೊಳಗ ಅಳತಿ ಮಾಡಿ 2007ರಾಗ ಪ್ರಕಟಿಸಿದ ಒಂದು ಅಧ್ಯಯನ ಅದ. ಕಿಡಕಿ, ಬಾಗಲಾ ತಗದಾಗ ಕೋಣಿ ಗಾಳಿ ತಾಸಿಗೆ ಸುಮಾರು 28 ಸಲ ಬದಲಾಗ್ತಿತ್ತು. ಮಷಿನ್ ಕೂಡಿಸಿದ ಕೋಣಿಗೆ ಹೇಳಿದ ಲೆಕ್ಕ ತಾಸಿಗೆ 12 ಸಲ. ಎತ್ತರ ಮಾಳಿಗಿ, ದೊಡ್ಡ ಕಿಡಕಿ ಇದ್ದ 1950ಕ್ಕಿಂತ ಹಳೇ ಕಟ್ಟಡ ಎಲ್ಲಾಕಿಂತ ಛಲೋ ಇದ್ವು. ನಮ್ಮ ಹಳೇ ಸರಕಾರಿ ದವಾಖಾನಿ ನೆನಪು ಮಾಡ್ಕೊಳ್ರಿ, ಆಳೆತ್ತರದ ಕಿಡಕಿ, ಮ್ಯಾಲೆ ಗಾಳಿಗಂಡಿ, ಸುತ್ತ ವರಾಂಡಾ. ಅವನ್ನ ಕೆಡವಿ ಕಾಜಿನ ಗ್ವಾಡಿ ಕಟ್ಟಿ, ಎಸಿ ಕೂಡಿಸಿ "ಹೈಟೆಕ್" ಅಂತ ಬೋರ್ಡ್ ಹಚ್ಚೇವಿ. ಗ್ವಾಡಿಗೆ ಹಚ್ಚೋ ಸಾದಾ ಎಸಿ ಹೊರಗಿನ ಗಾಳಿ ತರಂಗಿಲ್ಲ, ಒಳಗಿಂದನ್ನೇ ತಣ್ಣಗ ಮಾಡಿ ತಿರುಗಿ ಬಿಡ್ತದ. ಗಾಳಿ ಬೀಸದ ದಿನ ಬರೇ ಕಿಡಕಿ ಸಾಲಂಗಿಲ್ಲ, ಎಕ್ಸಾಸ್ಟ್ ಫ್ಯಾನ್ ಬೇಕು. ಅದಕ್ಕೇನು ದೊಡ್ಡ ಖರ್ಚಾ?

ಮೂರನೇದು, ಕಟ್ಟಕಡೀದು, ಮಾಸ್ಕ್. ತೆಳ್ಳನೆ ನೀಲಿ ಮಾಸ್ಕು ಕೆಮ್ಮೋರ ಬಾಯಿಗೆ ಸರಿ, ಹನಿ ಹೊರಗ ಹಾರೋದನ್ನ ಅಷ್ಟಕ್ಕಷ್ಟು ತಡೀತದ. ಆರೈಕಿ ಮಾಡೋರಿಗೆ ಅದು ಸಾಲದು, ಗಲ್ಲದ ಸಂದಿಯೊಳಗಿಂದ ಗಾಳಿ ಸೀದಾ ಒಳಗ ಹೋಗ್ತದ. ಜರಡಿ ಎಷ್ಟ ಸಣ್ಣ ಇದ್ರೂ ಬಾಜೂಕ ಹರದಿದ್ರ ಹಿಟ್ಟು ಸೋಸ್ತದೇನು? ಅವರಿಗೆ ಮುಖಕ್ಕ ಗಚ್ಚಂತ ಕೂಡೋ ಎನ್-95 ಬೇಕು. ಅದನ್ನ ತಾಯಿ ಯಾದಿಯೊಳಗ ಬರೀಬಾರದು, ಆಸ್ಪತ್ರಿ ಯಾದಿಯೊಳಗ ಬರೀಬೇಕು. ವೈನಿಗೆ ನಾ ಮಾಸ್ಕ್ ಬರೀರಿ ಅಂದೆ, ಖರೆ. ಅಂದದ್ದು ಅಸಹ್ಯ ಅನಿಸಿ ಅಂದೆ.

ಇನ್ನ ರೊಕ್ಕದ ಮಾತು. ನಮ್ಮ ನೆಗೆಣ್ಣಿದು ಗುತ್ತಿಗಿ ನೌಕರಿ, ಬಂದಷ್ಟು ದಿನಕ್ಕ ಪಗಾರ. ರಜಾ ಇದ್ದಷ್ಟು ದಿನ ಒಂದು ಪೈಸಾ ಬರಲಿಲ್ಲ. ವಾರ್ಡಿನ ಆಯಾಗಳು, ಕಸಾ ಹೊಡಿಯೋರು, ಕಫದ ಡಬ್ಬಿ ಲ್ಯಾಬಿಗೆ ಒಯ್ಯೋರು, ಇವರದಂತೂ ಕೇಳೋರ ಇಲ್ಲ. ಅವರೂ ಅದೇ ಗಾಳಿ ಉಸಿರಾಡತಾರ. ಕಾರ್ಖಾನಿಯೊಳಗ ಮಷಿನ್‌ಗೆ ಕೈ ಸಿಕ್ರ ಅದು ಕೆಲಸದ ಅಪಘಾತ ಅಂತ ಎಲ್ಲಾರೂ ಒಪ್ಪತಾರ. ವಾರ್ಡಿನ ಗಾಳಿಗೆ ಫುಪ್ಪುಸ ಸಿಕ್ರ ಅದು ಆಕಿ ಹಣೆಬರಹ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯೊಳಗ, ಆರೋಗ್ಯ ಮತ್ತ ಲ್ಯಾಬಿನ ಕೆಲಸದಾಗ ಹತ್ತೋ ಸೋಂಕು ರೋಗ ಉದ್ಯೋಗದ ರೋಗ ಅಂತ ಬರದಿದ್ರು. ಇಎಸ್ಐ ಇದ್ದವರಿಗೆ ಟಿಬಿಗಂತ ಹೆಚ್ಚಿನ ದಿನದ ಬೀಮಾರಿ ಭತ್ಯೆ ಅದ. ಆದ್ರ ನಾವು "ನಿಮೋನಿಯಾ" ಅಂತ ಮುಚ್ಚಿಟ್ರ ಕಾಯ್ದೆ ಯಾರನ್ನ ಹುಡುಕಿಕೊಂಡು ಬರಬೇಕು? ನಾವು ಮುಚ್ಚಿಟ್ಟದ್ದರಿಂದ ಲಾಭ ಆದದ್ದು ಆಸ್ಪತ್ರಿಗೆ. ಅವರ ಲೆಕ್ಕದಾಗ ಆ ವರ್ಷ ಯಾರಿಗೂ ಏನೂ ಆಗಿಲ್ಲ.

2020ರ ಮಾರ್ಚ್ 22ರ ಸಂಜೀಕ ಐದಕ್ಕ ನಾವೆಲ್ಲಾ ಅಂಗಳಕ್ಕ ಬಂದು ನರ್ಸ್, ಡಾಕ್ಟರ್ ಮಂದಿಗಂತ ತಾಟು ಬಡದಿದ್ವಿ. ನಾನೂ ಬಡದೇನಿ, ತಾಟು ತಗ್ಗು ಬಿದ್ದಿತ್ತು. ಅದೇ ನಾನು, ಮನಿ ನರ್ಸಿಗೆ ರೋಗ ಬಂದಾಗ ತಾಟು ಬ್ಯಾರೆ ಇಟ್ಟೆ. ಮರ್ಯಾದಿ ಕೊಡೋದು ತಾಟಿನಾಗ ಇಲ್ಲರಿ. ಕಿಡಕಿಯೊಳಗ ಅದ, ಮಾಸ್ಕಿನಾಗ ಅದ, ಬೀಮಾರಿ ರಜಾದ ಪಗಾರಿನಾಗ ಅದ.

ಅದಕ್ಕ ನಿಮಗೆಲ್ಲಾ ಕೈ ಮುಗದು ಕೇಳ್ಕೋತೇನಿ. ರೋಗಿ ಜೋಡಿ ಆಸ್ಪತ್ರಿಗೆ ಹೋಗಿ ಕೂಡೋರು ನಾವ, ಥಂಡಿ ಅಂತ ವಾರ್ಡಿನ ಕಿಡಕಿ ಮುಚ್ಚೋರೂ ನಾವ. ಮುಚ್ಚಬ್ಯಾಡ್ರಿ, ರೋಗಿಗೆ ಶಾಲು ಹೊಚ್ಚರಿ. ಮನ್ಯಾಗ ಯಾರಿಗರ ಎರಡು ವಾರ ಮೀರಿ ಕೆಮ್ಮಿದ್ರ, ಸಂಜೀಕ ಜ್ವರಾ ಬಂದ್ರ, ತೂಕ ಇಳದ್ರ, ರಾತ್ರಿ ಬೆವತ್ರ ತಡಾ ಮಾಡಬ್ಯಾಡ್ರಿ, ಮತ್ತ ಚೀಟಿ ಮಾಡಸೋ ಹೊತ್ತಿನಾಗನ ಬಾಯಿಬಿಟ್ಟು "ಕೆಮ್ಮು ಅದ" ಅಂತ ಹೇಳ್ರಿ. ಸಾಮಾನ್ಯ ಟಿಬಿಗೆ ಆರು ತಿಂಗಳ ಔಷಧ, ಸರಕಾರದಿಂದ ಪುಕಟ. ಊಟಕ್ಕಂತ ತಿಂಗಳಿಗೆ ಕೊಡತಿದ್ದ 500 ರೂಪಾಯಿನ್ನ 2024ರ ನವೆಂಬರ್‌ನಿಂದ 1,000 ಮಾಡ್ಯಾರ. ಪೂರ್ತಿ ನುಂಗಿದ್ರ ಹೆಚ್ಚಿನವರಿಗೆ ವಾಸಿ ಆಗ್ತದ. ನಮ್ಮ ನೆಗೆಣ್ಣಿಗೂ ಆಗ್ಯದ, ತಿರುಗಿ ಡ್ಯೂಟಿಗೆ ಹೊಂಟಾಳ. ಮಕ್ಕಳನ್ನೂ ಪರೀಕ್ಷಾ ಮಾಡಿಸಿದ್ವಿ, ದೇವರು ದೊಡ್ಡಾವ, ಇಬ್ಬರೂ ಆರಾಮ ಇದ್ದಾರ.

ಮಗಳನ್ನ ನರ್ಸಿಂಗಿಗೆ ಕಳಸೋ ತಾಯಂದ್ರು ಫೀ ತುಂಬೋ ಮುಂದ ನಾಲ್ಕು ಪ್ರಶ್ನೆ ಕೇಳ್ರಿ. ಸೇರೋ ಮುಂದ ಟಿಬಿ ಪರೀಕ್ಷಾ ಮಾಡಿ, ಆಮ್ಯಾಲೆ ವರ್ಷಕ್ಕೊಮ್ಮೆ ನೋಡ್ತೀರೇನು? ಸೋಂಕು ಸಿಕ್ರ ರೋಗ ಆಗದಂಗ ಕೊಡೋ ಗುಳಿಗಿ ಬಗ್ಗೆ ಯಾರು ವಿಚಾರ ಮಾಡ್ತಾರ? ವಾರ್ಡಿನಾಗ ಎನ್-95 ಯಾರು ಕೊಡ್ತಾರ? ರೋಗ ಆದ್ರ ಹಾಜರಿ, ಪರೀಕ್ಷೆ, ಖರ್ಚು ಏನು? ಒಬ್ಬ ತಾಯಿ ಕೇಳಿದ್ರ ತಲಿ ಕೆಟ್ಟದ ಅಂತಾರ. ಇಪ್ಪತ್ತು ತಾಯಂದ್ರು ಕೇಳಿದ್ರ ಕಿಡಕಿ ಮುಂದಿನ ಕಪಾಟು ಸರಸ್ತಾರ.

ಬಾಜೂಮನಿ ವೈನಿ ಕಡೀಕ ಮಾಸ್ಕ್ ಬರಕೊಂಡ್ರು. ಯಾದಿ ತಿರುವಿ ಹಿಂದಿನ ಬಾಜೂಕ ಈ ನಾಲ್ಕು ಪ್ರಶ್ನೆನೂ ಬರಕೊಂಡು ಹೋದ್ರು.

ಆ ನೇಲ್ ಪಾಲಿಶಿನ ತಾಟು ಈಗೂ ಅದ. ನೆಗೆಣ್ಣಿ ಒಂದು ದಿನಾನೂ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಗುರುತು ನಾ ಅಳಸಿಲ್ಲ. ಈಗ ದಿನಾ ಅದರಾಗ ಉಣ್ಣಾಕಿ ನಾನ.